ಎರಡು ಕಾಣೆ, ಬಿಟ್ಟೆ

ಮೀನು ಎಣಿಸುವ ಕೆಲಸಕ್ಕೆ ನನ್ನನ್ನು ಸೇರಿಸಿಕೊಂಡದ್ದು ನನಗೆ ಮೀನು ಗೊತ್ತಿದೆಯೆಂದಲ್ಲ, ಎಣಿಸುವುದು ಗೊತ್ತಿದೆಯೆಂದು. ಅರ್ಜಿಯಲ್ಲಿ ‘ಹಿಂದಿನ ಅನುಭವ’ ಎಂದಿದ್ದ ಕಡೆ ನಾನು ಇದ್ದದ್ದನ್ನೇ ಬರೆದಿದ್ದೆ. ಸೆರಂಗೂನ್‌ನ ನಮ್ಮ ಮನೆಯ ಕಿಟಕಿಗೆ ಬರುವ ಮೈನಾಗಳ ಲೆಕ್ಕ ಇಟ್ಟಿದ್ದೇನೆ. ನಮ್ಮ ಬ್ಲಾಕಿನ ಲಿಫ್ಟ್ ಕೆಟ್ಟ ದಿನಗಳ ಲೆಕ್ಕವೂ ಇದೆ. ಅಮ್ಮ ‘ಇನ್ನು ಐದೇ ನಿಮಿಷ’ ಎಂದಾಗ ಅದು ನಿಜವಾಗಿ ಎಷ್ಟು ನಿಮಿಷವಾಯಿತು ಎಂಬ ಪಟ್ಟಿಯೊಂದನ್ನು ಮಾತ್ರ ಕಾಣಿಸಲಿಲ್ಲ. ಅದು ಮನೆಯ ವಿಷಯ.

ಊರು ಬಿಟ್ಟು ನಾವು ಬಂದು ನೆಲೆಸಿದ ಈ ದ್ವೀಪದ ಉತ್ತರ ದಂಡೆಯಲ್ಲಿ ಒಂದು ಮ್ಯಾಂಗ್ರೋವ್ ಕಾಡಿದೆ. ರಕ್ಷಿತ ಪ್ರದೇಶ, ಒಂದು ಒಣ ಎಲೆಯನ್ನೂ ಜೇಬಿಗೆ ಹಾಕಿಕೊಳ್ಳುವಂತಿಲ್ಲ. ಅಲ್ಲಿನ ತೊರೆಗಳಲ್ಲಿ ಯಾವ ಯಾವ ಮೀನು ಎಷ್ಟೆಷ್ಟಿವೆ ಎಂದು ತಿಂಗಳಿಗೊಂದು ಭಾನುವಾರ, ನೀರು ಇಳಿದ ಹೊತ್ತಿನಲ್ಲಿ, ಸ್ವಯಂಸೇವಕರು ಬಲೆ ಎಳೆದು ನೋಡುತ್ತಾರೆ. ಹಿಡಿಯುವುದು, ಎಣಿಸುವುದು, ಬಿಡುವುದು. ಫೆಬ್ರವರಿಯಿಂದ ಜುಲೈವರೆಗೆ ಒಂದು ಸರದಿ.

ನಮ್ಮದು ಮೈಸೂರು ಕಡೆಯ, ಮೊಟ್ಟೆಯೂ ಒಳಗೆ ಬಾರದ ಮನೆ. ಮೊದಲ ಭಾನುವಾರ ಹೊರಟಾಗ ಅಮ್ಮ ಬಾಗಿಲಲ್ಲೇ ಕಾನೂನು ಮಾಡಿದಳು.

“ಮೀನು ಮುಟ್ಟಿದ ಕೈಯಲ್ಲಿ ಬಂದು ಫ್ರಿಜ್ ಮುಟ್ಬೇಡ ಕಣೇ.”

“ನಾನು ಮುಟ್ಟಲ್ಲಮ್ಮ. ಬರ್ಕೊಳ್ತೀನಿ ಅಷ್ಟೇ.”

“ಬರ್ಕೊಂಡ ಕೈಯಲ್ಲೂ ಮುಟ್ಬೇಡ.”

ಹಾಗೆಂದು ಅವಳಿಗೆ ಕುತೂಹಲವಿಲ್ಲ ಎಂದಲ್ಲ. ಪ್ರತಿ ಸಲ ವಾಪಸು ಬಂದಾಗಲೂ, ನಾನು ಬೂಟು ಕಳಚುವ ಮೊದಲೇ ಅಡುಗೆಮನೆಯಿಂದ “ಇವತ್ತು ಎಷ್ಟು?” ಎಂದು ಕೇಳುತ್ತಿದ್ದಳು. ನಾನು ಸಂಖ್ಯೆ ಹೇಳುತ್ತಿದ್ದೆ. “ಪಾಪ” ಎನ್ನುತ್ತಿದ್ದಳು. ಪಾಪ ಯಾರು, ಮೀನೋ ನಾನೋ, ಎಂದು ನಾನು ವಿಚಾರಿಸಲಿಲ್ಲ.

ನನ್ನ ಜೋಡಿಯಾಗಿ ಬಂದವರು ಒಬ್ಬ ಆಂಟಿ. ಉಡುಪಿ ಕಡೆಯವರು, ಮನೆಯಲ್ಲಿ ತುಳು, ಬ್ಯಾಂಕೊಂದರಲ್ಲಿ ದೊಡ್ಡ ಹುದ್ದೆ, ಆಂಗ್ ಮೋ ಕಿಯೋದಲ್ಲಿ ವಾಸ. ವಾರವಿಡೀ ಇಸ್ತ್ರಿ ಮಾಡಿದ ಕೋಟು ತೊಡುವ ಈ ಆಂಟಿ ಭಾನುವಾರ ಸೊಂಟದವರೆಗೆ ಕೆಸರಲ್ಲಿ ನಿಂತು ಬಲೆ ಎಳೆಯುವುದನ್ನು ಅವರ ಬ್ಯಾಂಕಿನ ಗಿರಾಕಿಗಳು ನೋಡಿದ್ದರೆ ಸಾಲದ ಅರ್ಜಿ ಹಾಕಲು ಇಷ್ಟು ಹೆದರುತ್ತಿರಲಿಲ್ಲ. ಬಲೆಯ ಒಂದು ಕೋಲು ಅವರ ಕೈಯಲ್ಲಿ, ಇನ್ನೊಂದು ಕೋಲನ್ನು ದಡದ ಮರಕ್ಕೆ ಕಟ್ಟುತ್ತಿದ್ದೆವು. ನಾನು ಹಲಗೆಯ ಕಾಲುದಾರಿಯ ಮೇಲೆ, ಒಣಗಿದ ಬೂಟಿನಲ್ಲಿ, ಕ್ಲಿಪ್‌ಬೋರ್ಡ್ ಹಿಡಿದು ನಿಲ್ಲುತ್ತಿದ್ದೆ.

ಇಡೀ ಗಣತಿಯನ್ನು ನಡೆಸುತ್ತಿದ್ದವರು ಸಮುದ್ರ ಜೀವಶಾಸ್ತ್ರ ಓದಿದ ಒಬ್ಬ ಸ್ಥಳೀಯ ತರುಣ. ನಾವು ಅವರನ್ನು ‘ಸಾರ್’ ಎನ್ನುತ್ತಿದ್ದೆವು. ಹಾಗೆಂದಾಗಲೆಲ್ಲ ಅವರ ಕಿವಿ ಕೆಂಪಾಗುತ್ತಿತ್ತು; ಅದಕ್ಕೇ ಎನ್ನುತ್ತಿದ್ದೆವು. ಅವರು ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲಿ. ಇಲ್ಲಿ ಅದನ್ನು ನಮ್ಮ ಕನ್ನಡಕ್ಕೆ ತಂದುಕೊಂಡಿದ್ದೇನೆ, ಮಾತಿನ ಕೊನೆಗೆ ಹಚ್ಚುವ ‘ಲಾ’ ಮಾತ್ರ ಅವರದೇ.

ಸಾರ್ ಅವರ ನಿಯಮಗಳು ಸರಳವಾಗಿದ್ದವು. ಗಟ್ಟಿ ಜೀವದ ಮೀನು ನೀರು ತುಂಬಿದ ಟ್ರೇಗೆ ಬರಬೇಕು, ಅದರ ಫೋಟೋ ಮತ್ತು ಅಳತೆ ಆಗಬೇಕು. ಗಾಳಿ ತಾಗಿದರೆ ಬೇಗ ಸೋಲುವ ನಾಜೂಕು ಮೀನನ್ನು ನೀರಿನಲ್ಲೇ ಎಣಿಸಿ, ಕೂಗಿ ಹೇಳಿ, ಅಲ್ಲೇ ಬಿಡಬೇಕು. ಹೆಸರು ಕೂಗುವಾಗ ಲ್ಯಾಟಿನ್ ಆದರೆ ಉತ್ತಮ.

“ಲ್ಯಾಟಿನ್ ಹೇಳಿ ಮುಗಿಸೋ ಅಷ್ಟರಲ್ಲಿ ಮೀನಿಗೆ ವಯಸ್ಸಾಗತ್ತೆ,” ಎಂದರು ಆಂಟಿ. “ನಾನು ಕನ್ನಡದಲ್ಲಿ ಕೂಗ್ತೀನಿ, ನೀನು ಅಲ್ಲೇ ಟ್ರಾನ್ಸ್‌ಲೇಟ್ ಮಾಡ್ಕೋ.”

ಕನ್ನಡದಲ್ಲಿ ಹೆಸರಿಲ್ಲದ ಮೀನುಗಳಿಗೆ ನಾವೇ ಹೆಸರಿಟ್ಟೆವು. ಊದಿಕೊಳ್ಳುವ ಪುಟ್ಟ ಮೀನು ‘ಬಲೂನು’. ಮೈಯೊಳಗಿನ ಮುಳ್ಳೆಲ್ಲ ಹೊರಗೆ ಕಾಣುವ ಗಾಜಿನಂಥ ಮೀನು ‘ಪ್ಲಾಸ್ಟಿಕ್’. ಉದ್ದ ಮೂತಿಯದು ‘ಸೂಜಿ’. ನೀರು ಉಗುಳಿ ಎಲೆಯ ಮೇಲಿನ ಹುಳು ಬೀಳಿಸುವ ಮೀನು ಮೊದಲ ದಿನವೇ ಸಾರ್ ಅವರ ಕನ್ನಡಕಕ್ಕೆ ಗುರಿಯಿಟ್ಟು ಉಗುಳಿದ್ದರಿಂದ ಅದು ‘ಆಡಿಟರ್’ ಆಯಿತು. ಯಾಕೆ ಆಡಿಟರ್ ಎಂದು ಕೇಳಿದೆ. “ಅವರೂ ಹೀಗೇ, ದೂರದಿಂದಲೇ,” ಎಂದರು ಆಂಟಿ. ಈ ಅಡ್ಡಹೆಸರುಗಳ ಪಟ್ಟಿಯನ್ನು ನಾನು ಕ್ಲಿಪ್‌ಬೋರ್ಡಿನ ಹಿಂಬದಿಗೆ ಅಂಟಿಸಿಕೊಂಡಿದ್ದೆ. ಊರಲ್ಲಿ ಹೆಸರಿರುವ ಮೀನು ಅದರಲ್ಲಿ ಸೇರಲಿಲ್ಲ. ಅವನ್ನು ಪಟ್ಟಿ ಮಾಡುವ ಅಗತ್ಯ ಆಂಟಿಗೆ ಹೊಳೆಯಲಿಲ್ಲ. ಅಂಥವು ಇವೆಯೆಂದು ನನಗೆ ಹೊಳೆಯಲಿಲ್ಲ.

ಕೆಲಸ ಹೀಗೆ ಸಾಗುತ್ತಿತ್ತು. ಆಂಟಿ ಬಲೆಯನ್ನು ನೀರಲ್ಲೇ ಅರ್ಧ ಎತ್ತಿ ಕೂಗುವರು: “ಬಲೂನು ಏಳು. ಪ್ಲಾಸ್ಟಿಕ್ ಹನ್ನೊಂದು. ಆಡಿಟರ್ ಒಂದು, ಟ್ರೇಗೆ ಹಾಕ್ದೆ, ಮುಖ ಆ ಕಡೆ ಇಟ್ಕೋ.” ನಾನು ಬರೆಯುವೆ. ಆಮೇಲೆ ದನಿ ಸ್ವಲ್ಪ ಇಳಿಸಿ, ಯಾವ ಮಹತ್ವವೂ ಇಲ್ಲದವರಂತೆ, “ಎರಡು ಕಾಣೆ, ಬಿಟ್ಟೆ,” ಎನ್ನುವರು.

ಮೊದಲ ಸಲ ಕೇಳಿದಾಗ ನನಗೆ ಅವರ ಬಗ್ಗೆ ಗೌರವ ಬಂತು. ಬಲೆಯಲ್ಲಿದ್ದ ಎರಡು ಮೀನು ನುಣುಚಿಕೊಂಡು ಕಾಣೆಯಾಗಿವೆ, ಬೇರೆಯವರಾದರೆ ಮುಚ್ಚಿಟ್ಟುಬಿಡುತ್ತಿದ್ದರು. ಇವರು ಕೈತಪ್ಪಿ ಹೋದದ್ದನ್ನೂ ಕೂಗಿ ಹೇಳುತ್ತಾರೆ. ಬ್ಯಾಂಕಿನವರ ಶಿಸ್ತು ಎಂದರೆ ಇದು ಎಂದುಕೊಂಡು, ಸಾರ್ ಕೊಟ್ಟ ಹಾಳೆಯಲ್ಲಿ ಇಲ್ಲದ ಒಂದು ಅಂಕಣವನ್ನು ಸ್ಕೇಲಿಟ್ಟು ಎಳೆದು, ಮೇಲೆ ‘ತಪ್ಪಿಸಿಕೊಂಡವು’ ಎಂದು ಬರೆದೆ. ಕೆಳಗೆ ಎರಡು ಗೀಟು. ಮಾರ್ಚಿನಲ್ಲಿ ಅದೇ ಅಂಕಣಕ್ಕೆ ಐದು ಗೀಟು ಬಂದವು, ಏಪ್ರಿಲ್‌ನಲ್ಲಿ ಮೂರು.

ಆವತ್ತೇ ಸಾರ್ ಎಲ್ಲ ತೊರೆಗಳ ಹಾಳೆ ಹರಡಿಕೊಂಡು ಕುಳಿತು, ನಮ್ಮದನ್ನು ಎತ್ತಿಕೊಂಡು ಬಹಳ ಹೊತ್ತು ನೋಡಿದರು.

“ಈ ಕಾಲಮ್ ಯಾರು ಹಾಕಿದ್ದು?”

“ನಾನು ಸಾರ್.”

ಕಿವಿ ಕೆಂಪಾಯಿತು. “ಬೇರೆ ಯಾವ ಟೀಮಲ್ಲೂ ಮೀನು ತಪ್ಪಿಸಿಕೊಂಡಿಲ್ಲ.”

“ಬೇರೆಯವರು ಹೇಳಿರಲ್ಲ ಸಾರ್,” ಎಂದೆ ಹೆಮ್ಮೆಯಿಂದ.

ಅವರು ನಿಟ್ಟುಸಿರುಬಿಟ್ಟರು. “ನೋಡಿ, ನಿಮ್ಮ ತೊರೆಯಲ್ಲಿ ಮೀನಿನ ಜಾತಿಗಳೇ ಕಮ್ಮಿ. ಅದರ ಮೇಲೆ ಸಿಕ್ಕಿದ್ದೂ ಓಡಿಹೋಗ್ತಿದೆ. ಜುಲೈವರೆಗೆ ಹೀಗೇ ಇದ್ದರೆ ಮುಂದಿನ ಸರದಿಗೆ ಈ ತೊರೆಯನ್ನ ಡ್ರಾಪ್ ಮಾಡಬೇಕಾಗತ್ತೆ ಲಾ. ನೀವು ಆಫೀಸಲ್ಲಿ ಡೇಟಾ ಎಂಟ್ರಿಗೆ ಬರಬಹುದು. ಆಂಟಿ ಬೀಚ್‌ನಲ್ಲಿ ಪ್ಲಾಸ್ಟಿಕ್ ಎಣಿಸೋ ಟೀಮಿಗೆ ಹೋಗಬಹುದು. ನಿಜವಾದ ಪ್ಲಾಸ್ಟಿಕ್.” ನಮ್ಮ ಅಡ್ಡಹೆಸರುಗಳು ಅಷ್ಟರಲ್ಲಿ ಅವರಿಗೂ ಗೊತ್ತಾಗಿದ್ದವು.

ಬಸ್ ಸ್ಟಾಪಿನವರೆಗೆ ಆಂಟಿ ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದರು. ಆಮೇಲೆ ಎಲ್ಲವನ್ನೂ ಒಟ್ಟಿಗೇ ಆಡಿದರು.

“ವಾರ ಪೂರ್ತಿ ಕಣ್ಣಿಗೆ ಕಾಣದ ದುಡ್ಡು ಎಣಿಸ್ತೀನಿ. ಭಾನುವಾರ ಒಂದು ದಿನ ಒದ್ದಾಡೋ ವಸ್ತು ಎಣಿಸೋಣ ಅಂದ್ರೆ ಅದಕ್ಕೂ ಕಲ್ಲು ಹಾಕ್ತಾರೆ. ಪ್ಲಾಸ್ಟಿಕ್ ಅಂತೆ. ಬಾಟಲಿ ಮುಚ್ಚಳ ಎಣಿಸೋಕೆ ನಾನು ಎರಡು ಎಂಆರ್‌ಟಿ ಟ್ರೈನ್ ಚೇಂಜ್ ಮಾಡಿ ಬರ್ಬೇಕಾ?” ನನ್ನ ಕಡೆ ತಿರುಗಿ, “ಮತ್ತೆ ನನ್ನ ಬಲೆಯಿಂದ ಯಾವ ಮೀನು ಓಡಿಹೋಯ್ತು ಮಾರಾಯ್ತಿ?” ಎಂದರು.

“ನೀವೇ ಹೇಳಿದ್ರಲ್ಲ ಆಂಟಿ.”

“ನಾನು ಹೇಳಿದ್ನಾ?”

“ಪ್ರತಿ ಸಲ ಹೇಳಿದ್ದೀರ. ಬರ್ಕೊಂಡಿದ್ದೀನಿ.”

ನಾನು ಬರೆದುಕೊಂಡಿದ್ದೇನೆ ಎಂದರೆ ಜನ ಸಾಮಾನ್ಯವಾಗಿ ವಾದ ನಿಲ್ಲಿಸುತ್ತಾರೆ. ಆಂಟಿಯೂ ನಿಲ್ಲಿಸಿದರು. ಬಲೆಯಲ್ಲಿ ತೂತಿರಬೇಕು ಎಂದು ಇಬ್ಬರೂ ತೀರ್ಮಾನಿಸಿದೆವು.

ಮರುವಾರ ಸಾರ್ ಅವರ ಒಪ್ಪಿಗೆ ಪಡೆದು ಬಲೆಯನ್ನು ಆಂಗ್ ಮೋ ಕಿಯೋಗೆ ತಂದೆವು. ಕಾಕಿ ಬುಕಿತ್‌ನ ಗೋದಾಮಿನಲ್ಲಿ ಕೆಲಸ ಮಾಡುವ ಆಂಟಿಯ ಗಂಡ ನೈಲಾನ್ ದಾರದ ದೊಡ್ಡ ಉಂಡೆ ತಂದುಕೊಟ್ಟು, ಮನೆಯೊಳಗೆ ಮಾತ್ರ ಬೇಡ ಎಂದು ಕೈಮುಗಿದರು. ಹಾಗಾಗಿ ಅವರ ಬ್ಲಾಕಿನ ಕೆಳಗೆ, ಗೋಡೆಗಳಿಲ್ಲದ ನೆಲಮಹಡಿಯ ವಾಯ್ಡ್ ಡೆಕ್‌ನಲ್ಲೇ, ಕಂಬದಿಂದ ಕಂಬಕ್ಕೆ ಬಲೆ ಹರಡಿ, ಒಂದೊಂದೇ ಕಣ್ಣು ನೋಡುತ್ತಾ ಕುಳಿತೆವು. ಪಕ್ಕದ ಕಲ್ಲುಮೇಜಿನಲ್ಲಿ ಚೆಸ್ ಆಡುತ್ತಿದ್ದ ಚೀನೀ ಅಂಕಲ್ ಒಬ್ಬರು ಎದ್ದುಬಂದು, ಇಲ್ಲಿ ಏನು ಹಿಡಿಯುತ್ತಿದ್ದೀರಿ ಎಂದು ಕೇಳಿದರು.

“ತೂತು,” ಎಂದರು ಆಂಟಿ.

“ಸಿಕ್ಕಿತಾ?”

“ಇನ್ನೂ ಇಲ್ಲ.”

ಅಂಕಲ್ ಗಂಭೀರವಾಗಿ ಯೋಚಿಸಿ, ಸೀಗಡಿ ಕಟ್ಟಿ ನೋಡಿ ಎಂದು ಸಲಹೆ ಕೊಟ್ಟು ವಾಪಸು ಹೋಗಿ ಕುದುರೆ ನಡೆಸಿದರು.

ಸಂಜೆಯವರೆಗೆ ಹುಡುಕಿದರೂ ತೂತು ಸಿಗಲಿಲ್ಲ. ಬರಿಗೈಯಲ್ಲಿ ಏಳಲು ಮನಸ್ಸಾಗದೆ ಆಂಟಿ ಚೆನ್ನಾಗಿದ್ದ ಜಾಗಕ್ಕೇ ನಾಲ್ಕು ಗಂಟು ಹಾಕಿದರು. ಮೇ ತಿಂಗಳಲ್ಲಿ ಬಲೆಯನ್ನು ಮೊದಲಿಗಿಂತ ಎರಡರಷ್ಟು ಎಚ್ಚರದಿಂದ, ತಳಕ್ಕೆ ಒತ್ತಿ ಒತ್ತಿ ಎಳೆದರು. ಎಳೆದು, ಎತ್ತಿ, ಎಣಿಸಿ, ಹಿಂದೆಂದೂ ಇಲ್ಲದ ಖುಷಿಯಲ್ಲಿ ಕೂಗಿದರು: “ಒಂಬತ್ತು ಕಾಣೆ, ಬಿಟ್ಟೆ!”

ನಾನು ಒಂಬತ್ತು ಗೀಟು ಎಳೆದೆ. ಎಷ್ಟು ಹುಷಾರಾಗಿ ಹಿಡಿದರೆ ಅಷ್ಟು ಹೆಚ್ಚು ತಪ್ಪಿಸಿಕೊಳ್ಳುವ ಈ ಮೀನುಗಳ ಬಗ್ಗೆ ನನ್ನ ಮನಸ್ಸಿನಲ್ಲಿ ಒಂದು ಸಿದ್ಧಾಂತವೇ ಬೆಳೆಯತೊಡಗಿತ್ತು. ಸೋಲನ್ನು ಆಂಟಿ ಇಷ್ಟು ಸಂತೋಷದಿಂದ ಒಪ್ಪಿಕೊಳ್ಳುವುದನ್ನು ಕಂಡು ಇನ್ನಷ್ಟು ಗೌರವವೂ.

ಜೂನ್‌ನ ಗಣತಿ ಮಳೆಗೆ ಅರ್ಧಕ್ಕೇ ನಿಂತಿತು. ಒದ್ದೆಯಾಗಿದ್ದ ನನ್ನನ್ನು ಆಂಟಿ ಕಾಫಿಗೆಂದು ಮನೆಗೆ ಕರೆದೊಯ್ದರು. ನನಗೆ ಟವೆಲ್ ಕೊಟ್ಟು, ತಾವು ಅಡುಗೆಮನೆಯಲ್ಲಿ ಹಿಂದಿನ ದಿನ ಮಾರ್ಕೆಟ್ಟಿನಿಂದ ತಂದಿದ್ದ ಮೀನಿಗೆ ಮಸಾಲೆ ಸವರಲು ನಿಂತರು. ಬೆರಳಿಗಿಂತ ಸ್ವಲ್ಪ ದಪ್ಪ, ಉದ್ದ, ಬೆಳ್ಳಗಿನ ಮೀನು. ಮಾತಿಗೆ ಏನಾದರೂ ಬೇಕಲ್ಲ ಎಂದು ಕೇಳಿದೆ.

“ಏನದು ಆಂಟಿ?”

“ಕಾಣೆ.”

ನಾನು ಸುತ್ತ ನೋಡಿದೆ. “ಏನು ಕಾಣೆ?”

“ಇದೇ.”

“ಇಲ್ಲೇ ಇದ್ಯಲ್ಲ.”

“ಇಲ್ಲೇ ಇದೆ. ಕಾಣೆ.”

“ಆಂಟಿ, ನಿಮ್ಮ ಕನ್ನಡಕ ಬಸ್ಸಲ್ಲೇ ಬಿಟ್ರಾ?”

ಅವರು ಮಸಾಲೆಯ ಕೈಯನ್ನು ಮೇಲೆತ್ತಿ ತಿರುಗಿದರು. “ಮೀನಿನ ಹೆಸರು ಮಾರಾಯ್ತಿ. ಕಾಣೆ ಮೀನು. ಇಡೀ ಉಡುಪಿ, ಮಂಗಳೂರು ತಿನ್ನತ್ತೆ. ಕಾಣೆ ಗೊತ್ತಿಲ್ವಾ ನಿಂಗೆ?”

ಕಾವಲಿಯ ಮೇಲೆ ಎಣ್ಣೆ ಚಟಪಟ ಎನ್ನುತ್ತಿತ್ತು. ನನ್ನ ತಲೆಯೊಳಗೂ ಫೆಬ್ರವರಿಯ ಎರಡು, ಮಾರ್ಚಿನ ಐದು, ಏಪ್ರಿಲ್‌ನ ಮೂರು, ಮೇ ತಿಂಗಳ ಒಂಬತ್ತು ಒಂದೊಂದಾಗಿ ಸಿಡಿಯತೊಡಗಿದವು.

“ಆಂಟಿ,” ಎಂದೆ, “ನೀವು ‘ಎರಡು ಕಾಣೆ, ಬಿಟ್ಟೆ’ ಅಂದ್ರೆ, ಎರಡು ತಪ್ಪಿಸ್ಕೊಂಡು ಹೋದ್ವು ಅಂತ ಅಲ್ವಾ?”

ಅವರು ನನ್ನನ್ನೇ ನೋಡಿದರು. ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಒಲೆ ಆರಿಸಿ, ಮಸಾಲೆಯ ಕೈಯನ್ನು ಗಾಳಿಯಲ್ಲೇ ಹಿಡಿದು, ನೆಲದ ಮೇಲೆ ಕುಳಿತುಬಿಟ್ಟರು. ನಗುವಿಗೆ ಅವರ ಕಣ್ಣಲ್ಲಿ ನೀರು ಬಂತು; ಒರೆಸಿಕೊಳ್ಳಲು ಹೋಗಿ ಖಾರ ತಾಗಿ ಮತ್ತಷ್ಟು ಬಂತು.

“ಅಂದ್ರೆ ನಾನು ಇಷ್ಟು ದಿನ ಇಲ್ಲದ ತೂತಿಗೆ ಗಂಟು ಹಾಕಿದ್ದಾ?”

“ನಾನೇನು ಮಾಡ್ಲಿ? ನೀವು ಕಾಣೆ ಕಾಣೆ ಅಂದ್ರಿ.”

“ನಿಮ್ಮ ಮೈಸೂರಲ್ಲಿ ಎಲ್ಲದಕ್ಕೂ ಕಣೇ ಕಣೇ ಅಂತೀರಿ. ನಾವು ಯಾವತ್ತಾದ್ರೂ ಬಲೆ ಹಿಡ್ಕೊಂಡು ಬಂದಿದ್ದೀವಾ?”

ನಗು ಮುಗಿದ ಮೇಲೆ ಮುಖ್ಯವಾದದ್ದು ನೆನಪಾಯಿತು. ಕಾಣೆ ನಮ್ಮ ಹಾಳೆಯಲ್ಲಿ ಇಲ್ಲದ ಜಾತಿ. ಸಾರ್ ತೋರಿಸಿದ್ದ ಬೇರೆ ತೊರೆಗಳ ಹಾಳೆಯಲ್ಲೂ ಅಂಥ ಹೆಸರು ನೋಡಿದ ನೆನಪಿರಲಿಲ್ಲ. ಅದನ್ನು ಸೇರಿಸಿದರೆ ನಮ್ಮ ತೊರೆ ಉಳಿಯಬಹುದು. ಆದರೆ ನಾಜೂಕು ಮೀನೆಂದು ಆಂಟಿ ಒಂದನ್ನೂ ಟ್ರೇಗೆ ಹಾಕಿರಲಿಲ್ಲ. ಇಷ್ಟು ಸಾಮಾನ್ಯ ಮೀನಿಗೆ ಫೋಟೋ ಯಾಕೆ ಎಂದು ಫೋಟೋ ಕೂಡ ತೆಗೆದಿರಲಿಲ್ಲ.

ಸೋಮವಾರವೇ ಸಾರ್‌ಗೆ ಫೋನ್ ಮಾಡಿ ವಿವರಿಸಿದೆ. ಅವರು ಮತ್ತೊಮ್ಮೆ ಹೇಳಿ ಎಂದರು. ಮತ್ತೊಮ್ಮೆ ಹೇಳಿದೆ.

“ಒಂದೇ ಪದ? ಮೀನು ಇದೆ ಅನ್ನೋದಕ್ಕೂ ಅದೇ, ಇಲ್ಲ ಅನ್ನೋದಕ್ಕೂ ಅದೇ?”

“ಹೌದು ಸಾರ್.”

“ಹಾಗಾದ್ರೆ ನಿಮ್ಮ ಊರಲ್ಲಿ ಜನ ಮೀನು ಹೇಗೆ ಕೊಂಡ್ಕೊಳ್ತಾರೆ?”

ನಾವು ಕೊಂಡುಕೊಳ್ಳುವುದೇ ಇಲ್ಲ ಎಂದು ಹೇಳುವ ಸಮಯ ಅದಾಗಿರಲಿಲ್ಲ. ನಾನು ವರ್ಣಿಸಿದ ಮೀನು ಯಾವುದೆಂದು ಅವರಿಗೆ ತಕ್ಷಣ ಗೊತ್ತಾಯಿತು. ಲ್ಯಾಟಿನ್ ಹೆಸರನ್ನೂ ಹೇಳಿದರು. ಈ ಸರದಿಯಲ್ಲಿ ಅದು ಬೇರೆ ಯಾವ ತೊರೆಯಲ್ಲೂ ಸಿಕ್ಕಿಲ್ಲ ಎಂದರು. ನನ್ನ ಆಸೆ ಗಗನಕ್ಕೇರಿತು. ಅವರು ಕೂಡಲೇ ಇಳಿಸಿದರು.

“ಆದರೆ ಫೋಟೋ ಇಲ್ಲ ಅಂದ್ರೆ ಮೀನೂ ಇಲ್ಲ ಲಾ. ಜುಲೈಗೆ ನಾನೇ ಬರ್ತೀನಿ. ನನ್ನ ಕಣ್ಣೆದುರು ಒಂದು ಹಿಡಿಯಿರಿ, ಸಾಕು. ಬಲೆಯ ಕೆಳಗಿನ ಹಗ್ಗ ಚೆನ್ನಾಗಿ ತಳ ಮುಟ್ಟಬೇಕು. ಬಲೆ ಬಂದರೆ ಆ ಮೀನು ಮರಳೊಳಗೆ ಹೂತುಕೊಳ್ಳತ್ತೆ.”

ಜುಲೈಯ ಆ ಭಾನುವಾರ ನೀರು ಚೆನ್ನಾಗಿ ಇಳಿದಿತ್ತು. ಸಾರ್ ಟ್ರೇ, ಅಳತೆಪಟ್ಟಿ, ಕ್ಯಾಮೆರಾ ಸಿದ್ಧಮಾಡಿಕೊಂಡು ದಡದಲ್ಲಿ ಕುಳಿತರು. ಕ್ಲಿಪ್‌ಬೋರ್ಡನ್ನು ನನ್ನ ಕೈಯಿಂದ ತೆಗೆದುಕೊಂಡರು. ಮರಳು ಹೆಚ್ಚೆಂದು ಈ ಸಲ ಆರಿಸಿಕೊಂಡ ತೊರೆಯ ಬಾಯಿಯಲ್ಲಿ ಕೋಲು ಕಟ್ಟಲು ಮರವಿರಲಿಲ್ಲ, ಅದನ್ನು ಹಿಡಿಯಲು ಒಬ್ಬರು ಬೇಕಿತ್ತು. ಸಾರ್ ಸಾಕ್ಷಿ, ಸಾಕ್ಷಿ ಬಲೆ ಎಳೆಯುವಂತಿಲ್ಲ. ಉಳಿದವಳು ನಾನೊಬ್ಬಳೇ.

“ಇಳಿ,” ಎಂದರು ಆಂಟಿ. “ನಿಮ್ಮಮ್ಮನಿಗೆ ನಾನು ಹೇಳಲ್ಲ.”

ಇಳಿದೆ. ಮೊದಲ ಎಳೆತಕ್ಕೆ ಬಲೂನು ನಾಲ್ಕು. ಎರಡನೆಯದಕ್ಕೆ ಪ್ಲಾಸ್ಟಿಕ್ ಆರು, ಸೂಜಿ ಒಂದು. ಬಲೂನುಗಳು ನಮ್ಮನ್ನು ಗೇಲಿ ಮಾಡುವಂತೆ ಊದಿಕೊಂಡು ತೇಲುತ್ತಿದ್ದವು. ಮೂರನೆಯದಕ್ಕೆ ಬಲೆ ಬರಿದಾಗಿ ಬಂತು. ದೂರದಲ್ಲಿ ನೀರಿನ ಅಂಚು ಮೆಲ್ಲಗೆ ಒಳಗೆ ಬರತೊಡಗಿತ್ತು. ಸಾರ್ ಗಡಿಯಾರ ನೋಡಿ, “ಇನ್ನೊಂದೇ,” ಎಂದರು.

ನಾಲ್ಕನೆಯ ಎಳೆತದ ನಡುವೆ ನನ್ನ ಎಡಗಾಲಿನ ಬೂಟು ಕೆಸರಿನಲ್ಲಿ ಹೂತಿತು. ಎಳೆದೆ. ಕಾಲು ಬಂತು, ಬೂಟು ಬರಲಿಲ್ಲ. ಆ ಗುಂಡಿ ನೋಡನೋಡುತ್ತಲೇ ಮುಚ್ಚಿಕೊಂಡಿತು. ಮುಳ್ಳುಮೀನು ಚುಚ್ಚುತ್ತದೆ, ಬರಿಗಾಲು ಊರಬೇಡ ಎಂದು ಸಾರ್ ದಡದಿಂದ ಕೂಗಿದರು. ಕೂಗುವಷ್ಟರಲ್ಲಿ ಊರಿಯಾಗಿತ್ತು. ಕಾಲುಚೀಲದ ಅಡಿಯಲ್ಲಿ, ಮರಳಿನೊಳಗೆ, ಬೆರಳಿನಷ್ಟು ದಪ್ಪದ ಏನೋ ಒಂದು ಹೊರಳಿತು.

ನಾನು ಯೋಚಿಸಲಿಲ್ಲ. ಯೋಚಿಸಿದ್ದರೆ ಅಮ್ಮ, ಫ್ರಿಜ್, ಮೈಸೂರು ಎಲ್ಲ ನೆನಪಾಗುತ್ತಿದ್ದವು. ಬಗ್ಗಿ, ಎರಡೂ ಕೈಯನ್ನು ಮರಳಿಗೆ ಹಾಕಿ, ಮರಳಿನ ಸಮೇತ ಅದನ್ನು ಬಲೆಯೊಳಗೆ ಎತ್ತಿದೆ. ಹುಟ್ಟಿದ ಮೇಲೆ ನಾನು ಮುಟ್ಟಿದ ಮೊದಲ ಮೀನು. ತಣ್ಣಗಿತ್ತು, ಅಂದುಕೊಂಡಷ್ಟು ಅಂಟಾಗಿರಲಿಲ್ಲ.

“ಆಂಟಿ, ಕಾಣೆ!” ಎಂದು ಕೂಗಿದೆ.

ಬಲೆಯ ಆ ತುದಿಯಿಂದ ಸಮಾಧಾನದ ದನಿ ಬಂತು. “ಕಾಣದಿದ್ರೆ ಹೋಗ್ಲಿ ಬಿಡು ಮಾರಾಯ್ತಿ. ಇನ್ನೊಂದು ಜೊತೆ ಬೂಟು ಕೊಡಿಸ್ತೀನಿ.”

“ಬೂಟಲ್ಲ ಆಂಟಿ, ಕಾಣೆ! ನಿಮ್ಮ ಕಾಣೆ!”

“ನನ್ನದೇನು ಕಾಣೆ? ನನ್ನ ಬೂಟು ಇಲ್ಲೇ ಇದೆ.”

ದಡದಲ್ಲಿ ಸಾರ್ ಎದ್ದು ನಿಂತಿದ್ದರು. ಪೆನ್ನು ಹಾಳೆಯ ಮೇಲೆ, ಯಾವ ಅಂಕಣವೆಂದು ತಿಳಿಯದೆ, ಅಂತರದಲ್ಲಿ ನಿಂತಿತ್ತು.

“ಕಾಣೆ ಗಾಟ್,” ಎಂದು ತಮ್ಮ ಊರಿನ ಇಂಗ್ಲಿಷಿನಲ್ಲೇ ಕೇಳಿದರು, “ಆರ್ ಕಾಣೆ ನೋ ಗಾಟ್?”

“ಗಾಟ್ ಸಾರ್!”

ಒಂದೇ ಒಂದು. ಟ್ರೇಯಲ್ಲಿ ಅದು ಬೆಳ್ಳಗೆ, ನೀಳವಾಗಿ, ಯಾವ ಗಡಿಬಿಡಿಯೂ ತನ್ನಿಂದಾದದ್ದಲ್ಲ ಎಂಬಂತೆ ನಿಂತಿತ್ತು. ಆಂಟಿ ಹತ್ತಿರ ಬಂದು ಮೂಗಿನ ತುದಿಯವರೆಗೆ ಬಗ್ಗಿ ನೋಡಿ, ತಲೆದೂಗಿದರು. ಸಾರ್ ಬೇಗ ಬೇಗ ಫೋಟೋ ತೆಗೆದು, ಅಳತೆ ಬರೆದು, ಟ್ರೇಯನ್ನು ನೀರಿಗೆ ಬಗ್ಗಿಸಿದರು. ಮೀನು ಒಂದು ಗೇಣು ಈಜಿತು, ಮೂತಿಯನ್ನು ಮರಳಿಗಿಟ್ಟಿತು. ಆಮೇಲೆ ಇರಲಿಲ್ಲ.

“ಕಾಣೆ,” ಎಂದರು ಸಾರ್ ತಮ್ಮಷ್ಟಕ್ಕೆ. ಯಾವ ಅರ್ಥದಲ್ಲಿ ಎಂದು ನಾವು ಕೇಳಲಿಲ್ಲ.

ಅವರು ನನ್ನ ‘ತಪ್ಪಿಸಿಕೊಂಡವು’ ಅಂಕಣವನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದರು. ಹಿಂದಿನ ಗೀಟುಗಳನ್ನು ಸೇರಿಸಲು ಒಪ್ಪಲಿಲ್ಲ. ಫೋಟೋ ಇರುವ ಒಂದು ಮಾತ್ರ ಲೆಕ್ಕಕ್ಕೆ ಬಂತು. ಆಂಟಿ ತಡೆಯಲಾರದೆ, ತೊರೆಯ ಕಥೆ ಏನಾಯಿತು ಎಂದು ಕೇಳಿದರು. ಸಾರ್ ನನ್ನ ಎಡಗಾಲಿನ ಕಪ್ಪು ಕಾಲುಚೀಲವನ್ನು ನೋಡಿದರು. ಅದು ಬೆಳಿಗ್ಗೆ ಬಿಳಿಯದಾಗಿತ್ತು.

“ಇದು ರಕ್ಷಿತ ಪ್ರದೇಶ. ಇಲ್ಲಿ ಕಸ ಬಿಟ್ಟುಹೋಗೋ ಹಾಗಿಲ್ಲ,” ಎಂದರು ಬಿಗಿಯಾಗಿ. “ಈಗ ನೀರು ಬರ್ತಾ ಇದೆ, ಹುಡುಕೋಕಾಗಲ್ಲ. ಮುಂದಿನ ಸರದಿಗೆ ನೀವಿಬ್ಬರೂ ಬಂದು, ಇದೇ ತೊರೆಯಲ್ಲಿ, ಆ ಬೂಟು ಸಿಗೋವರೆಗೂ ಬಲೆ ಎಳೀಬೇಕು.”

ಕಿವಿಗಳು ಕೆಂಪಾಗಿದ್ದವು, ನಾವು ಸಾರ್ ಎನ್ನದೆಯೇ. ಅವರು ಟ್ರೇ ಎತ್ತಿಕೊಂಡು ಮುಂದೆ ನಡೆದರು.

ಆಂಟಿ ನನ್ನ ಕಿವಿಯ ಹತ್ತಿರ ಬಂದರು. “ಬೈದ್ರಾ, ಹೊಗಳಿದ್ರಾ?”

“ತೊರೆ ಉಳೀತು ಆಂಟಿ.”

“ಹಾಗಾದ್ರೆ ಆ ಬೂಟು ಬೇಗ ಸಿಗೋದು ಬೇಡ,” ಎಂದರು.

ಎಂಆರ್‌ಟಿ ರೈಲಿನಲ್ಲಿ ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಸೂಪರ್‌ಮಾರ್ಕೆಟ್ಟಿನ ಚೀಲ ಕಟ್ಟಿಕೊಂಡು ಕುಳಿತಿದ್ದ ನನ್ನ ಪಕ್ಕದ ಸೀಟು ಸೆರಂಗೂನ್‌ವರೆಗೂ ಖಾಲಿಯಾಗಿಯೇ ಇತ್ತು. ಮನೆಯ ಬಾಗಿಲು ತೆರೆದಾಗ ಅಡುಗೆಮನೆಯಿಂದ ದನಿ ಬಂತು.

“ಇವತ್ತು ಎಷ್ಟು?”

“ಒಂದು ಕಾಣೆ ಅಮ್ಮ.”

ಅಮ್ಮ ಸೌಟು ಹಿಡಿದುಕೊಂಡೇ ಹೊರಬಂದಳು. ನನ್ನ ಕಾಲುಗಳನ್ನು ನೋಡಿದಳು.

“ಅದು ಕಾಣ್ತಾನೇ ಇದೆ,” ಎಂದಳು. “ಮೊದ್ಲು ಕೈ ತೊಳ್ಕೊ.”